ಹಸಿರು ತಂತಿ

ಮಗ ಹಳೆಯ ಆಂಪ್ಲಿಫೈಯರನ್ನು ಎರಡೂ ಕೈಯಿಂದ ತಬ್ಬಿ ಎತ್ತಲು ಬಗ್ಗಿದ್ದ. ಅಷ್ಟರಲ್ಲಿ ಟೈಲರಮ್ಮ ಕಿರುಚಿದಳು.

"ಮುಟ್ಟಬೇಡ ಅದನ್ನ! ಕೈ ತೆಗಿ!"

ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಸ್ಪತ್ರೆಯ ವ್ಯಾನು ಆಗಲೇ ಬಾಗಿಲಿಗೆ ಬಂದಿತ್ತು. ತೀರಿಕೊಂಡ ಅಪ್ಪನನ್ನು ಮಲಗಿಸಲು ಒಳಗೆ ಜಾಗ ಮಾಡಬೇಕಿತ್ತು.

"ರೂಮಿಗೆ ಸಾಗಿಸ್ತೀನಿ ಅಷ್ಟೆ ಅಮ್ಮ. ಇಲ್ಲಿ ಜಾಗ ಸಾಲಲ್ಲ."

"ಸೋಫಾ ತೆಗಿ. ಅದು ಅಲ್ಲೇ ಇರಲಿ."

ಮಗ ತನ್ನ ಹೆಂಡತಿಯ ಮುಖ ನೋಡಿದ. 'ಬಿಡಿ, ಗಂಡನ ನೆನಪು, ಹಾಗೇ ಇರಲಿ' ಎಂಬಂತೆ ಅವಳು ಕಣ್ಣು ಮಾಡಿದಳು. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು, ನಾಲ್ಕು ಜನರ ಬೆವರಿಳಿಸಿ ಹೊರಗೆ ಹೋಯಿತು. ಸಿಟಿ ಬಸ್ಸು ಓಡಿಸಿಯೇ ತಲೆ ಹಣ್ಣಾದ ಡ್ರೈವರಣ್ಣ, ಬದುಕಿದ್ದಾಗ ಒಂದು ದಿನವೂ ಕಾಲು ಚಾಚಲಾಗದ ಆ ಪುಟ್ಟ ಹಾಲ್‌ನಲ್ಲಿ ಈಗ ಆರಾಮಾಗಿ ಉದ್ದಕ್ಕೆ ಮಲಗಿದ. ಅವನ ತಲೆಯ ಪಕ್ಕದಲ್ಲೇ ಟಿವಿಯ ಸ್ಟ್ಯಾಂಡು, ಅದರ ಕೆಳಗಿನ ಹಲಗೆಯಲ್ಲಿ ಎರಡು ಡಬ್ಬಗಳು: ಕಪ್ಪಗೆ ಮಿರುಗುವ ಹೊಸ ಹೋಮ್ ಥಿಯೇಟರ್ ರಿಸೀವರು, ಅದಕ್ಕೆ ಒತ್ತಿಕೊಂಡು ಅಂಚು ಸವೆದ ಹಳೆಯ ಆಂಪ್ಲಿಫೈಯರು.

ಅವನ ಜೊತೆ ಒಂದೇ ಬಸ್ಸಿನಲ್ಲಿ ದುಡಿದ ಕಂಡಕ್ಟರು ಬಂದು ತಲೆಯ ಬಳಿ ಕೂತ. ಕಣ್ಣೊರೆಸಿಕೊಂಡು ಡಬ್ಬಗಳ ಕಡೆ ಕೈ ತೋರಿಸಿದ.

"ಇದೇ ಅಲ್ವಾ ಅತ್ತಿಗೆ ಅದು? ಗುಂಯ್ ಅಂತ ಸದ್ದು ಬರ್ತಿತ್ತಲ್ಲ, ಯಾರ ಕೈಲೂ ಆಗದೇ ಇದ್ದಿದ್ದನ್ನ ಇವನೇ ಸರಿ ಮಾಡಿದ್ನಂತೆ! ಅದನ್ನೇ ಹೇಳಿ ಹೇಳಿ ಡಿಪೋದಲ್ಲಿ ಎಲ್ಲರ ತಲೆ ತಿಂದಿದ್ದ."

"ನಮಗೂ ಹೇಳಿದ್ರು. ಒಂದು ವೈರ್ ಈ ಕಡೆಯಿಂದ ಆ ಕಡೆಗೆ ಹಾಕಿದ್ರಂತೆ" ಎಂದಳು ಪಕ್ಕದ ಮನೆಯಾಕೆ. "ಎಂಥಾ ತಲೆ!"

ಟೈಲರಮ್ಮನ ಕಣ್ಣು ತಮ್ಮನನ್ನು ಹುಡುಕಿತು. ಯಾವ ಮನೆಗೆ ಹೋದರೂ ನೇರ ಅಡುಗೆಮನೆಗೇ ನುಗ್ಗುವ ಎಲೆಕ್ಟ್ರಿಷಿಯನ್ ತಮ್ಮ, ಇವತ್ತು ಹೊಸಿಲು ದಾಟದೆ ಚಪ್ಪಲಿಗಳ ನಡುವೆ ನಿಂತಿದ್ದ.

* * *

ಅಪ್ಪ ನಿವೃತ್ತಿಯಾದಾಗ ಮಗ ಆ ರಿಸೀವರು ತಂದುಕೊಟ್ಟಿದ್ದ. "ಇನ್ನಾದ್ರೂ ಆ ಹಳೇ ಡಬ್ಬಾನ ಗುಜರಿಗೆ ಹಾಕಪ್ಪ" ಎಂದಿದ್ದ. ಹಳೆಯದು ಮದುವೆಯಾದ ವರ್ಷ ಕೊಂಡದ್ದು. ಡ್ರೈವರಣ್ಣ ಒಂದು ವಾರ ಎರಡನ್ನೂ ಕೇಳಿ ನೋಡಿ ತೀರ್ಪು ಕೊಟ್ಟ: "ಹೊಸದು ಗುಂಡು ಹಾರಿಸತ್ತೆ, ಹೆಲಿಕಾಪ್ಟರ್ ಓಡಿಸತ್ತೆ. ಹಾಡೋಕೆ ಮಾತ್ರ ಬರಲ್ಲ."

ಹಾಗಾಗಿ ಎರಡನ್ನೂ ಕೂಡಿಸಿದ. ಹೊಸದರ ಬೆನ್ನಿನಿಂದ ಹಳೆಯದಕ್ಕೆ ತಂತಿ ಎಳೆದು, ಮುಂದಿನ ಎರಡು ದೊಡ್ಡ ಸ್ಪೀಕರುಗಳನ್ನು ಹಳೆಯದಕ್ಕೆ ವಹಿಸಿದ. ಉಳಿದ ಪುಡಿ ಸ್ಪೀಕರುಗಳು ಹೊಸದರ ಪಾಲಿಗೆ ಬಂದವು. ಸಿನಿಮಾಕ್ಕೆ ಎರಡೂ, ಹಾಡಿಗೆ ಹಳೆಯದೊಂದೇ.

"ನೋಡೇ, ಅತ್ತೆ ಸೊಸೆ ಒಂದೇ ಒಲೇಲಿ ಅಡುಗೆ ಮಾಡ್ತಿದಾರೆ!"

"ಮಾಡ್ತಿರೋದು ಕೇಳಿಸ್ತಿದೆ" ಎಂದಿದ್ದಳು ಟೈಲರಮ್ಮ. "ಗೊಣಗಾಟ ಶುರುವಾಗಿದೆ."

ಕೂಡಿಸಿದ ದಿನದಿಂದಲೇ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು. ದಿನವಿಡೀ ಹೊಲಿಗೆ ಯಂತ್ರ ತುಳಿದವಳ ತಲೆಯೊಳಗೆ ಅದು ಬಂದು ಕೂತುಬಿಟ್ಟಿತು. ಡ್ರೈವರಣ್ಣ ತಂತಿ ತಿರುಗಿಸಿದ, ಬದಲಿಸಿದ, ಬೈದ. ತಮ್ಮ ಬಂದು ನೋಡಿದವನೇ, "ಭಾವ, ಹಳೇದರ ಪ್ಲಗ್‌ನಲ್ಲಿ ಅರ್ತಿಂಗ್ ತೆಗೆದುಬಿಟ್ರೆ ಒಂದು ನಿಮಿಷದ ಕೆಲಸ" ಎಂದ. ಒಳಗೆಲ್ಲಾದರೂ ತಂತಿ ಕೆಟ್ಟು ಡಬ್ಬದ ಮೈಗೆ ಕರೆಂಟು ಇಳಿದರೆ ಅದನ್ನು ನೆಲಕ್ಕೆ ಸಾಗಿಸುವ ಹಸಿರು ತಂತಿ ಅದು.

ಡ್ರೈವರಣ್ಣ ಒಪ್ಪಲಿಲ್ಲ. "ಬ್ರೇಕು ಕಿರ್ ಅನ್ನತ್ತೆ ಅಂತ ಬ್ರೇಕೇ ಕಿತ್ತು ಹಾಕ್ತಾರೇನಯ್ಯ?"

ಮುಂದಿನ ವಾರ ಅವನು ಪಿಂಚಣಿ ಕಚೇರಿಗೆ ಹೋದ ಹೊತ್ತು ನೋಡಿ ಅವಳೇ ತಮ್ಮನನ್ನು ಕರೆಸಿದಳು. "ತೆಗೆದುಬಿಡೋ. ತಲೆ ಚಿಟ್ಟು ಹಿಡಿದುಹೋಗಿದೆ." ತಮ್ಮ ಪ್ಲಗ್ ಬಿಚ್ಚಿ, ಹಸಿರು ತಂತಿ ಕತ್ತರಿಸಿ, ತುದಿ ಮಡಚಿ ಮುಚ್ಚಿದ. ಸಂಜೆ ಡ್ರೈವರಣ್ಣ ಎಂದಿನಂತೆ ಒಂದು ತಂತಿಯನ್ನು ಎಡಕ್ಕೆ ಸರಿಸಿ ಸ್ವಿಚ್ ಹಾಕಿದ. ಸದ್ದೇ ಇಲ್ಲ! ಅವನು ಹಾಲ್‌ನಲ್ಲಿ ಕುಣಿದ. "ನೋಡಿದ್ಯಾ? ಇಷ್ಟೇ ಇದ್ದಿದ್ದು!"

ಅವಳಿಗೆ ನಗು ಬಂತು, ನಕ್ಕಳು. ಆಗಲೇ ಹೇಳಿಬಿಡಬಹುದಿತ್ತು. ಆದರೆ ಅವನು ಆ ಖುಷಿಯನ್ನು ಮನೆಮನೆಗೂ ಹಂಚಿಕೊಂಡು ಬಂದ ಮೇಲೆ ಹೇಳುವುದು ಹೇಗೆ? ಮಾತು ಹೊಟ್ಟೆಯಲ್ಲೇ ಉಳಿಯಿತು.

* * *

"ಒಳಗೆ ಬಾರೋ" ಎಂದು ಅವಳು ತಮ್ಮನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಬಾಗಿಲು ಅರ್ಧ ಮುಚ್ಚಿದಳು.

"ನಿಜ ಹೇಳು. ಅದರಿಂದಾನಾ?"

"ಅಕ್ಕಾ, ಡಾಕ್ಟರು ಹಾರ್ಟ್ ಅಂತ ಬರೆದುಕೊಟ್ಟಿದಾರೆ. ಭಾವನಿಗೆ ಮೊದಲೇ ತೊಂದರೆ ಇತ್ತು."

"ಡಾಕ್ಟರಿಗೆ ಹಸಿರು ತಂತಿ ವಿಷಯ ಗೊತ್ತಾ?"

ತಮ್ಮ ಬಾಗಿಲ ಸಂದಿಯಿಂದ ಹಾಲ್ ಕಡೆ ನೋಡಿದ.

"ಡಬ್ಬಕ್ಕೆ ಕರೆಂಟು ಇಳಿದಿದ್ಯಾ ಇಲ್ವಾ, ಟೆಸ್ಟರ್ ಹಿಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗತ್ತೆ. ಇಷ್ಟು ಜನರ ಮುಂದೆ ಟೆಸ್ಟರ್ ತೆಗೆದ್ರೆ ಯಾಕೆ ಅಂತ ಕೇಳಲ್ವಾ? ಪೊಲೀಸು, ಪೋಸ್ಟ್‌ಮಾರ್ಟಂ... ಭಾವನ್ನ ಕೊಯ್ತಾರೆ ಅಕ್ಕ. ನನ್ನ ಲೈಸೆನ್ಸು ಹೋಗತ್ತೆ. ನಿನ್ನ ಕಾಲಿಗೆ ಬೀಳ್ತೀನಿ, ಮೊದಲು ಭಾವನ್ನ ಕಳಿಸಿಕೊಡೋಣ. ಆಮೇಲೆ ನಾನೇ ಬಂದು ಎಲ್ಲಾ ಸರಿ ಮಾಡ್ತೀನಿ."

ಅವಳು ಗೋಡೆಗೆ ಒರಗಿದಳು. ನಿನ್ನೆ ಮಧ್ಯಾಹ್ನ ತರಕಾರಿ ತಂದು ಬಾಗಿಲು ತೆರೆದಾಗ ಹಾಡು ಕೇಳಿಸುತ್ತಿತ್ತು. ಅವನು ಸ್ಟ್ಯಾಂಡಿನ ಮುಂದೆ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದ. ಬಲಗೈ ಡಬ್ಬದ ಹತ್ತಿರ ಇತ್ತು. ಅವಳು ಕೂಗಲಿಲ್ಲ, ಅವನನ್ನು ಅಲ್ಲಾಡಿಸಿ ನೋಡಲೂ ಇಲ್ಲ. ಮೊದಲು ಗೋಡೆಗೆ ಹೋಗಿ ಸ್ವಿಚ್ ಆರಿಸಿದಳು. ಆಮೇಲೆ ಅವನನ್ನು ಮುಟ್ಟಿದಳು. ಯಾಕೆ ಹಾಗೆ ಮಾಡಿದೆ ಎಂದು ಇನ್ನೂ ಯಾರೂ ಕೇಳಿರಲಿಲ್ಲ.

ಹಾಲ್‌ನಿಂದ ಕಂಡಕ್ಟರನ ಧ್ವನಿ ಬಂತು. "ಹೊರಡೋ ಮುಂಚೆ ಅವನ ಹಾಡು ಒಂದು ಹಾಕಪ್ಪ. ಅದರಲ್ಲೇ ಹಾಕು, ಅವನು ಕೂಡಿಸಿದ್ದರಲ್ಲಿ."

"ಹಾಕ್ತೀನಿ ಮಾಮ" ಎಂದ ಮಗ. "ಇದನ್ನ ಯಾರಿಗೂ ಕೊಡಲ್ಲ, ನಮ್ಮ ಮನೆಗೇ ತಗೊಂಡು ಹೋಗ್ತೀನಿ. ಪುಟ್ಟಿಗೂ ಇದು ಅಂದ್ರೆ ಪ್ರಾಣ."

ಟೈಲರಮ್ಮ ಬಾಗಿಲು ತಳ್ಳಿ ಓಡಿಬಂದಳು. ಮಗ ಗೋಡೆಯ ಸ್ವಿಚ್ ಹಾಕಿ ಆಗಿತ್ತು, ಹಳೆಯ ಡಬ್ಬದ ಕೆಂಪು ದೀಪ ಹತ್ತಿತ್ತು. ನಾಲ್ಕು ವರ್ಷದ ಮೊಮ್ಮಗಳು ತಾತನ ಭುಜ ಬಳಸಿಕೊಂಡು ಡಬ್ಬದ ಹತ್ತಿರ ಹೋಗುತ್ತಿದ್ದಳು.

"ಸ್ಟೀರಿಂಗ್ ನಾನು ತಿರುಗಿಸ್ತೀನಿ! ತಾತ ನಂಗೇ ಬಿಡ್ತಿದ್ರು!"

ಸೌಂಡಿನ ಗುಂಡಿಗೆ ಅವಳಿಟ್ಟ ಹೆಸರು ಅದು. ಉಕ್ಕಿನ ಗುಂಡಿ. ಪುಟ್ಟ ಬೆರಳುಗಳು ಇನ್ನೇನು ತಾಗಬೇಕು, ಟೈಲರಮ್ಮ ಅವಳ ರೆಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಮಗು ಹೋಗಿ ಅಮ್ಮನ ಮಡಿಲಿಗೆ ಬಿದ್ದು ಅಳತೊಡಗಿತು.

"ಏನಮ್ಮ ಇದು?" ಮಗನಿಗೆ ಸಿಟ್ಟು ಬಂತು. "ಬೆಳಗಿಂದ ನೋಡ್ತಿದೀನಿ!"

"ಅದಕ್ಕೆ ಅರ್ತಿಂಗ್ ಇಲ್ಲ ಕಣೋ." ಅವಳು ಡಬ್ಬಕ್ಕೆ ಅಡ್ಡವಾಗಿ ನಿಂತಳು. "ಆ ಸದ್ದು ನಿಮ್ಮಪ್ಪ ನಿಲ್ಲಿಸಿದ್ದಲ್ಲ. ಹಸಿರು ತಂತಿ ತೆಗೆಸಿದ್ದಕ್ಕೆ ನಿಂತಿದ್ದು. ಅವರು ಬೇಡ ಅಂದಿದ್ರು. ನಾನೇ ಕದ್ದು ತೆಗೆಸಿದೆ."

ಕಂಡಕ್ಟರಿಗೆ ಅರ್ಥವಾಗಲಿಲ್ಲ. ಮಗನಿಗೆ ಆಯಿತು.

"ಅಂದ್ರೆ ಅಪ್ಪ..."

"ಗೊತ್ತಿಲ್ಲಪ್ಪ. ಅದೊಂದೇ ಗೊತ್ತಾಗ್ತಿಲ್ಲ ನಂಗೆ."

ಅಡುಗೆಮನೆಯ ಬಾಗಿಲಲ್ಲಿ ತಮ್ಮ ತಲೆ ತಗ್ಗಿಸಿ ನಿಂತಿದ್ದ. ಅವನ ಕೈ ಜೇಬಿನ ಟೆಸ್ಟರಿನ ಮೇಲಿತ್ತು, ಹೊರಗೆ ಬರುತ್ತಿರಲಿಲ್ಲ. ಅವಳು ಅವನ ಹೆಸರೆತ್ತಲಿಲ್ಲ. ಗಂಡನ ಪಕ್ಕ ಬರಿಗಾಲಲ್ಲಿ ಬಗ್ಗಿದಳು; ಯಾರಾದರೂ ತಡೆಯುವ ಮೊದಲೇ ಬಲ ಅಂಗೈಯನ್ನು ಆಂಪ್ಲಿಫೈಯರಿನ ಮೇಲೆ ಒತ್ತಿ ಇಟ್ಟಳು.

"ಅಮ್ಮಾ!"

ಅವಳು ಕಣ್ಣು ಮುಚ್ಚಿ ಕಾದಳು. ಲೋಹ ತಣ್ಣಗಿತ್ತು. ಇನ್ನೂ ಒತ್ತಿದಳು. ಬೆರಳು ಬಿಡಿಸಿ ಗುಂಡಿಯ ಮೇಲಿಟ್ಟಳು, ಅಂಚಿನ ಮೇಲಿಟ್ಟಳು, ತಿರುಪುಗಳ ಮೇಲಿಟ್ಟಳು. ಏನೂ ಆಗಲಿಲ್ಲ. ದೊಡ್ಡ ಸ್ಪೀಕರುಗಳಲ್ಲಿ ಹಾಡು ಮೆಲ್ಲಗೆ ಶುರುವಾಯಿತು, ಹಿಂದೆ ಯಾವ ಸದ್ದೂ ಇಲ್ಲದೆ, ಸ್ವಚ್ಛವಾಗಿ.

"ಇಲ್ಲ ಕಣೋ" ಎಂದು ಅವಳು ಅಳುತ್ತಾ ನಕ್ಕಳು. "ಕರೆಂಟಿಲ್ಲ ಇದರಲ್ಲಿ. ಇದರಿಂದ ಅಲ್ಲ. ಬಾ, ಬೇಕಾದ್ರೆ ನನ್ನ ಕೈ ಹಿಡಿದು ನೋಡು."

ಬಲಗೈಯನ್ನು ಡಬ್ಬದ ಮೇಲೇ ಇಟ್ಟುಕೊಂಡು ಎಡಗೈಯನ್ನು ಮಗನ ಕಡೆ ಚಾಚಿದಳು. ಮಗ ಇದ್ದಲ್ಲೇ ನಿಂತ. ಸೊಸೆ ಮಗುವನ್ನು ಬೆನ್ನ ಹಿಂದೆ ಸರಿಸಿಕೊಂಡಳು. ಕಂಡಕ್ಟರು ಗೆಳೆಯನ ಮುಖವನ್ನೇ ನೋಡುತ್ತಿದ್ದ. ಹಾಡು ಮುಗಿಯುವವರೆಗೂ ಆ ಕೈ ಡ್ರೈವರಣ್ಣನ ಎದೆಯ ಮೇಲೆ ಗಾಳಿಯಲ್ಲಿ ಹಾಗೇ ಚಾಚಿಕೊಂಡಿತ್ತು. ತುಂಬಿದ ಹಾಲ್‌ನಲ್ಲಿ ಅದನ್ನು ಹಿಡಿಯಲು ಯಾರೂ ಬರಲಿಲ್ಲ.