ಮೇಲೆ ಯಾವ ಕಡೆ?

ಮೂವತ್ತು ವರ್ಷ ದೋಣಿ ನಡೆಸಿದವನಿಗೆ ನೀರು ಕಂಡರೆ ಹೊಟ್ಟೆ ತೊಳಸುತ್ತದೆ ಅಂದರೆ ಯಾರು ನಂಬುತ್ತಾರೆ? ಹೊಳೆಯಣ್ಣ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಯ ಹತ್ತಿರವಂತೂ ಹೇಳುವ ಮಾತೇ ಇಲ್ಲ. ಅವಳಿಗೆ ಈಜು ಬಾರದು. ಆದರೂ ದಿನಾ ಬೆಳಿಗ್ಗೆ ಅವನ ದೋಣಿಯಲ್ಲಿ, ಅವನ ಕಾಲ ಬುಡದಲ್ಲೇ, ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ ಹಾಗೆ ನೆಮ್ಮದಿಯಾಗಿ ಕೂರುತ್ತಿದ್ದಳು. ಆ ನೆಮ್ಮದಿ ನೋಡಿದರೆ ಅವನ ಭಯ ಇನ್ನಷ್ಟು ಹೆಚ್ಚಾಗುತ್ತಿತ್ತು.

ಹೊಳೆಯಣ್ಣ ಅನ್ನುವುದು ಈ ಊರಿನವರು ಇಟ್ಟ ಹೆಸರು. ಹೊಳೆಯ ಊರಿನಿಂದ ಬಂದವನು, ಅದಕ್ಕೆ. ಅವನ ಊರಿನ ಹೊಳೆಗೆ ಸೇತುವೆ ಕಟ್ಟಿದರು. ಆಮೇಲೆ ಅವನ ದೋಣಿಗೆ ಒಂದು ನಾಯಿಯೂ ಹತ್ತಲಿಲ್ಲ. ಹೆಂಡತಿಯ ತಮ್ಮ ಈ ಊರಿನ ಐಸ್ ಫ್ಯಾಕ್ಟರಿಯಲ್ಲಿದ್ದ. "ಬನ್ನಿ ಭಾವ, ಇಲ್ಲಿ ನೀರಿಗೇನು ಬರ" ಎಂದು ಕರೆಸಿಕೊಂಡ. ಫ್ಯಾಕ್ಟರಿಯ ಹಿಂದಿನ ಒಂದೇ ಕೋಣೆಯ ಮನೆ. ಮೆಷಿನ್ನಿನ ಸದ್ದಿಗೆ ಗೋಡೆಗೆ ತೂಗುಹಾಕಿದ ತಟ್ಟೆಗಳು ದಿನವಿಡೀ ಗಿರಗಿರ ಅನ್ನುತ್ತಿದ್ದವು. ಹೆಂಡತಿಗೆ ಬಲೆ ಹೆಣೆಯುವ ಶೆಡ್ಡಿನಲ್ಲಿ ಕೆಲಸವಾಯಿತು. ಆ ಶೆಡ್ಡಿನ ಹೆಂಗಸರನ್ನು ಬೆಳಿಗ್ಗೆ ಏಳಕ್ಕೆ ಆಚೆ ದಡಕ್ಕೆ ಬಿಡುವುದು, ಮಧ್ಯಾಹ್ನ ನೂಲಿನ ಮೂಟೆ ಒಯ್ಯುವುದು, ಸಂಜೆ ಹೆಂಗಸರನ್ನು ವಾಪಸ್ ಕರೆತರುವುದು ಇವನ ಕೆಲಸವಾಯಿತು.

ಈಚೆ ದಡದಲ್ಲಿ ಊರು, ದೋಣಿಕಟ್ಟೆ. ಆಚೆ ದಡದಲ್ಲಿ ಶೆಡ್ಡು, ಅದರಾಚೆ ಸಮುದ್ರ. ನಡುವೆ ಅಗಲವಾದ ನೀರು, ನೀರಿನ ಮಧ್ಯೆ ಉದ್ದಕ್ಕೂ ಮಲಗಿದ ಕೆಸರಿನ ದಿಬ್ಬ. ದಿಬ್ಬದಲ್ಲಿ ಒಂದೇ ಒಂದು ಕಂಡಿ. ಐವತ್ತು ಹುಟ್ಟು ಹಾಕುವಷ್ಟು ಉದ್ದ, ಒಂದು ದೋಣಿ ಹೋಗುವಷ್ಟೇ ಅಗಲ. ಎರಡು ಬದಿಗೂ ಬೇಲಿಯ ಹಾಗೆ ಗೂಟಗಳು. ಎದುರಿನಿಂದ ಇನ್ನೊಂದು ದೋಣಿ ಬಂದರೆ ಪಕ್ಕಕ್ಕೆ ಸರಿಯುವ ಮಾತೇ ಇಲ್ಲ. ಒಬ್ಬ ಹೊರಗೆ ಕಾಯಬೇಕು, ಇನ್ನೊಬ್ಬ ದಾಟಬೇಕು.

ಯಾರು ಕಾಯಬೇಕು? ಕಾನೂನು ಒಂದೇ: ಮೇಲಿನವನು ಮೊದಲು. ಹೊಳೆಯಣ್ಣನ ಊರಿನಲ್ಲೂ ಇದೇ ಕಾನೂನು, ಇದೇ ಮಾತು. ನೀರಿನ ಜೊತೆ ಬರುವ ದೋಣಿ ನಿಲ್ಲಲಾರದು, ಎದುರು ಏರುವವನು ಗೂಟ ಹಿಡಿದು ನಿಲ್ಲಬಲ್ಲ. ಬೇರೆ ಮಾತಾಗಿದ್ದರೆ ಕಲಿತುಕೊಳ್ಳುತ್ತಿದ್ದ. ಅದೇ ಮಾತಾಗಿದ್ದರಿಂದ ಕೆಟ್ಟ.

ಅವನ ಊರಿನಲ್ಲಿ ಮೇಲೆ ಅಂದರೆ ಬೆಟ್ಟದ ಕಡೆ. ಅಪ್ಪನ ಕಾಲದಲ್ಲೂ ಅದೇ, ತಾತನ ಕಾಲದಲ್ಲೂ ಅದೇ. ಇಲ್ಲಿಗೆ ಬಂದ ಮೊದಲ ದಿನವೇ, ಊರಿನ ಕಡೆ ಮೇಲೆ, ಸಮುದ್ರದ ಕಡೆ ಕೆಳಗೆ ಎಂದು ತಾನೇ ತೀರ್ಮಾನ ಮಾಡಿಕೊಂಡು ಮಧ್ಯಾಹ್ನ ಮೂಟೆಗಳ ಜೊತೆ ಸೀದಾ ಕಂಡಿಗೆ ನುಗ್ಗಿದ. ಎದುರಿಗೆ ತರಕಾರಿ ದೋಣಿ. "ಹಿಂದೆ ಹೋಗೋ!" ಎಂದು ಇವನು ಕಿರುಚಿದ. "ನೀನು ಹೋಗೋ, ಕಣ್ಣು ಕುರುಡಾ?" ಎಂದು ಅವನು ಕಿರುಚಿದ. ಢಿಕ್ಕಿಯಾಯಿತು. ಬದನೆಕಾಯಿ ಬುಟ್ಟಿ ನೀರುಪಾಲಾಯಿತು.

ಕಟ್ಟೆಯ ಮೇಸ್ತ್ರಿ ಕರೆದು ಹೇಳಿದ. "ನೋಡಪ್ಪಾ, ಇಲ್ಲಿ ಮೇಲೆ ಅನ್ನೋದು ಒಂದು ಜಾಗ ಅಲ್ಲ. ನೀರು ಎಲ್ಲಿಂದ ಬರುತ್ತೋ ಅದು ಮೇಲೆ. ಸಮುದ್ರ ಉಬ್ಬಿ ನೀರು ಒಳಗೆ ಬರೋವಾಗ ಸಮುದ್ರದ ಕಡೆ ಮೇಲೆ. ಇಳಿದು ಹೊರಗೆ ಹೋಗೋವಾಗ ಊರ ಕಡೆ ಮೇಲೆ. ತಲೆಗೆ ಹೋಯ್ತಾ?"

"ಹೋಯ್ತು, ಹೋಯ್ತು. ನಾನೇನು ನಿನ್ನೆ ಹುಟ್ಟಿದವನಾ?"

ತಲೆಗೆ ಹೋಗಿದ್ದು ಇಷ್ಟು: ಬೆಳಿಗ್ಗೆ ನೀರು ಹೊರಗೆ ಹೋಗುತ್ತದೆ, ಆಗ ನಾನು ಮೇಲೆ, ಮಧ್ಯಾಹ್ನ ಒಳಗೆ ಬರುತ್ತದೆ, ಆಗ ಅವರು ಮೇಲೆ. ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಮಾಡಿಕೊಂಡ. ಆ ಹೊತ್ತು ದಿನಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಮುಂದಕ್ಕೆ ಜಾರುತ್ತದೆ ಅಂತ ಅವನಿಗೆ ಯಾರೂ ಹೇಳಲಿಲ್ಲ. ತೊಟ್ಟಿಲಲ್ಲಿರುವಾಗಿನಿಂದ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ? ಇವನೂ ಕೇಳಲಿಲ್ಲ. ಕೇಳಿದರೆ ಮೂವತ್ತು ವರ್ಷಕ್ಕೆ ಏನು ಬೆಲೆ?

ಅಂದಿನಿಂದ ಹೊಟ್ಟೆ ತೊಳಸುವುದು ಶುರುವಾಯಿತು. ಹಿಂದೆ ಮುಂದೆ ಹರಿಯುವ ನೀರನ್ನು ಅವನು ಕಂಡವನಲ್ಲ. ಹೊಳೆ ಎಷ್ಟು ಕೆರಳಿದರೂ ಮಾತಿಗೆ ತಪ್ಪುತ್ತಿರಲಿಲ್ಲ, ಕೆಳಗೇ ಹೋಗುತ್ತಿತ್ತು. ಇದು ಬೆನ್ನು ತಿರುಗಿಸಿದ ಕೂಡಲೇ ಬಣ್ಣ ಬದಲಿಸುವ ನೀರು. ಅವನು ಕಂಡಿಯ ಬಾಯಿಗೆ ಬಂದಾಗಲೆಲ್ಲ ಮೆಲ್ಲಗೆ ಉಗುಳಿ, ಉಗುಳು ಯಾವ ಕಡೆ ತೇಲುತ್ತದೆ ಎಂದು ಕದ್ದು ನೋಡುತ್ತಿದ್ದ.

ಇದರ ಮೇಲೆ ಊರಿನವರ ಕೀಟಲೆ ಬೇರೆ. ದೋಣಿ ಹತ್ತುವಾಗ ಕನ್ನಡಕದಕ್ಕ ತಪ್ಪದೆ ಕೇಳುತ್ತಿದ್ದಳು. ಶೆಡ್ಡಿನ ಹಳೆಯ ಹೆಣೆಗಾರ್ತಿ, ದಪ್ಪ ಕನ್ನಡಕ, ಚುರುಕು ನಾಲಿಗೆ.

"ಹೊಳೆಯಣ್ಣ, ಇವತ್ತು ಮೇಲೆ ಯಾವ ಕಡೆ?"

ಮೊದಲ ದಿನ "ಮೇಲೆ ಆಕಾಶ, ಕೆಳಗೆ ನೀನು" ಅಂದಿದ್ದ. ಎಲ್ಲರೂ ನಕ್ಕಿದ್ದರು. ತರಕಾರಿ ದೋಣಿಗೆ ಗುದ್ದಿದ ಮೇಲೆ ಅದೇ ಮಾತು ಮುಳ್ಳಾಯಿತು. ಮರುದಿನವೂ ಕೇಳಿದಳು. ಅದರ ಮರುದಿನವೂ ಕೇಳಿದಳು. ಪಕ್ಕದ ದೋಣಿಯವನೂ ಕೇಳಿದ, ಮೇಸ್ತ್ರಿಯೂ ಕೇಳಿದ. ಬೇಕಂತಲೇ ಗಾಯ ಕೆರೆಯುತ್ತಿದ್ದಾರೆ ಅಂತ ಹೊಳೆಯಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು.

"ನಿಮ್ಮಪ್ಪನ ಮನೆ ಕಡೆ!" ಎಂದು ಐದನೇ ದಿನ ಸಿಡಿದ.

"ಅಯ್ಯೋ, ಕೇಳಿದ್ದಕ್ಕೆ ಕಚ್ಚೋಕೆ ಬರ್ತೀಯಲ್ಲ" ಎಂದು ಅವಳು ಕನ್ನಡಕ ಒರೆಸಿಕೊಂಡಳು. "ಇವನ ಜೊತೆ ಹೇಗೆ ಬಾಳ್ತೀಯೇ ತಂಗಿ?"

"ಊಟಕ್ಕೆ ಉಪ್ಪು, ಖಾರ ಕಮ್ಮಿ ಹಾಕ್ತೀನಿ" ಅಂದಳು ಹೆಂಡತಿ.

ಏಳನೇ ದಿನದ ಮಧ್ಯಾಹ್ನ ಪಾಠದ ಪ್ರಕಾರ ಕಂಡಿಯ ಹೊರಗೆ ಗೂಟ ಹಿಡಿದು ಕಾಯುತ್ತಿದ್ದರೆ, ಆ ತುದಿಯಲ್ಲಿ ಇನ್ನೊಬ್ಬನೂ ಗೂಟ ಹಿಡಿದು ಕಾಯುತ್ತಿದ್ದ. ಬಾ ಬಾ ಎಂದು ಕೈ ಬೀಸಿ ನಕ್ಕ. ಇದೂ ಗೇಲಿಯೇ ಎಂದು ಹೊಳೆಯಣ್ಣ ಹಲ್ಲು ಕಡಿದು ಅಲ್ಲೇ ನಿಂತ. ಕೊನೆಗೆ ಆಚೆಯವನೇ ಬೇಸತ್ತು ತಲೆ ಚಚ್ಚಿಕೊಂಡು ಬಂದ.

ಎಂಟನೇ ದಿನ ಬೆಳಿಗ್ಗೆ ಮಂಜು ಬಿತ್ತು.

ಕಟ್ಟೆಯ ಮೇಲೆ ನಿಂತರೆ ದೋಣಿಯ ಮೂತಿ ಕಾಣುತ್ತಿರಲಿಲ್ಲ. ಹೆಂಗಸರು ತಲೆಗೆ ಬಟ್ಟೆ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ಹತ್ತಿದರು. ಹನ್ನೊಂದು ಜನ. ಅವನು ದಿನಾ ಎಣಿಸುತ್ತಿದ್ದ, ಹೆಂಡತಿಯನ್ನು ಕೊನೆಗೆ ಎಣಿಸುತ್ತಿದ್ದ.

"ಹೊಳೆಯಣ್ಣ, ಇವತ್ತು ಮೇಲೆ—"

"ಕೂತ್ಕೊಳ್ಳಮ್ಮಾ!"

ಕನ್ನಡಕದಕ್ಕ ಬಾಯಿ ಮುಚ್ಚಿಕೊಂಡು ಕೂತಳು. ದೋಣಿ ಹೊರಟಿತು. ನೂರು ಹುಟ್ಟು ಹಾಕುವಷ್ಟರಲ್ಲಿ ಹೊಳೆಯಣ್ಣನಿಗೆ ಏನೋ ಸರಿಯಿಲ್ಲ ಅನ್ನಿಸಿತು. ದೋಣಿ ಭಾರ. ದಿನಾ ನೀರು ಹಿಂದಿನಿಂದ ಬೆನ್ನು ತಟ್ಟುತ್ತಿತ್ತು. ಇವತ್ತು ಸತ್ತ ಎಮ್ಮೆಯನ್ನು ಎಳೆದ ಹಾಗಿತ್ತು. ಮಂಜಿಗೆ ಮರ ನೆನೆದಿರಬೇಕು, ತೋಳಿಗೆ ವಯಸ್ಸಾಗಿರಬೇಕು ಅಂದುಕೊಂಡ. ಅಂಗೈ ಬೆವರಿ ಹುಟ್ಟು ಜಾರುತ್ತಿತ್ತು. ಚಳಿಯಲ್ಲಿ ಬೆವರು.

ಮೊದಲ ಗೂಟ ಮಂಜಿನೊಳಗಿಂದ ದಿಢೀರನೆ ಎದ್ದು ಬಂತು. ಉಗುಳಬೇಕು ಅಂದುಕೊಂಡ. ಬಾಯಿ ಒಣಗಿತ್ತು. ಬೆಳಿಗ್ಗೆ ನಾನು ಮೇಲೆ, ಎಂದು ಮಗ್ಗಿ ಹೇಳಿಕೊಂಡು ಹುಟ್ಟನ್ನು ಒಳಗೆಳೆದು, ಬಿದಿರಿನ ಗಳ ಊರಿ ಕಂಡಿಯೊಳಗೆ ತಳ್ಳಿದ.

ಹತ್ತು ಮಾರು ಒಳಗೆ ಹೋದಾಗ ಹಾರ್ನ್ ಕೇಳಿಸಿತು. ಒಂದೇ ಉದ್ದ ಕೂಗು. ಐಸ್ ಫ್ಯಾಕ್ಟರಿಗೆ ಎಣ್ಣೆ ಡ್ರಮ್ಮು ತರುವ ಕಬ್ಬಿಣದ ಲಾಂಚು. ಸದ್ದು ಎದುರಿನಿಂದ ಬಂತೋ, ಪಕ್ಕದಿಂದ ಬಂತೋ, ತಲೆಯ ಮೇಲಿನಿಂದ ಬಂತೋ. ಮಂಜಿನಲ್ಲಿ ಕಿವಿಯೂ ಕುರುಡು.

ಹೊಳೆಯಣ್ಣ ಗಂಟಲು ಹರಿಯುವಂತೆ ಕೂಗಿದ. "ಇದು ಮೇಲಿನ ದೋಣಿ! ಜನ ಇದಾರೆ! ನಿಲ್ಸೋ!"

ಮಂಜಿನ ಆಚೆಯಿಂದ ಒಂದು ಗಂಟಲು ತಿರುಗಿ ಕೂಗಿತು. "ಮೇಲಿನವನು ನಾನು! ಯಾರೋ ಅದು? ಹಿಂದೆ ಹೋಗೋ, ನಿಲ್ಸೋಕಾಗಲ್ಲ!"

ಇಬ್ಬರೂ ಮೇಲಿನವರಾಗಲು ಸಾಧ್ಯವಿಲ್ಲ. ಒಬ್ಬ ಸುಳ್ಳು. ಅವನು ಸುಳ್ಳಾದರೆ ಮುಂದೆ ಹೋಗಿ ಬೇಗ ಕಂಡಿ ದಾಟಬೇಕು. ನಾನು ಸುಳ್ಳಾದರೆ ಹಿಂದೆ ಹೋಗಬೇಕು. ತಪ್ಪು ಕಡೆ ಹೋದರೆ ಕಬ್ಬಿಣದ ಮೂತಿ ಈ ಹಲಗೆಯ ದೋಣಿಯನ್ನು ಹಪ್ಪಳ ಪುಡಿ ಮಾಡಿದ ಹಾಗೆ ಮಾಡುತ್ತದೆ. ಕೆಳಗೆ ಕಾಲು ಹೂತುಹೋಗುವ ಕೆಸರು, ಮೇಲೆ ಎರಡಾಳು ನೀರು. ಹನ್ನೊಂದು ಜನ. ಕಾಲ ಬುಡದಲ್ಲಿ ಡಬ್ಬಿ ತಬ್ಬಿಕೊಂಡು ಕೂತವಳು ತಲೆಯೆತ್ತಿ ಅವನ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಳೋ, ಅವಳ ಕೈ ಬಂದು ಅವನ ಕಣಕಾಲನ್ನು ಗಟ್ಟಿಯಾಗಿ ಹಿಡಿಯಿತು.

ಇಂಜಿನ್ನಿನ ದಡದಡ ಹಲಗೆಯೊಳಗಿಂದ ಅಂಗಾಲಿಗೆ ಬರತೊಡಗಿತು.

"ನನಗೆ ಗೊತ್ತಾಗ್ತಿಲ್ಲ" ಅಂದ ಹೊಳೆಯಣ್ಣ. ದನಿ ಅವನದೇ ಅಂತ ಅವನಿಗೇ ಅನಿಸಲಿಲ್ಲ. "ಅಕ್ಕಾ, ಮೇಲೆ ಯಾವ ಕಡೆ? ನನಗೆ ಗೊತ್ತಾಗ್ತಿಲ್ಲ ಅಕ್ಕಾ!"

ಕನ್ನಡಕದಕ್ಕ ನಗಲಿಲ್ಲ, ಬೈಯಲೂ ಇಲ್ಲ. ಸೆರಗಿನಲ್ಲಿದ್ದ ನೂಲಿನ ಉಂಡೆ ತೆಗೆದು ತುದಿಯನ್ನು ನೀರಿಗೆ ಬಿಟ್ಟಳು. ಬಿಳಿ ನೂಲು ಒಂದು ಗಳಿಗೆ ಹಾಗೇ ತೇಲಿತು. ಹೊಳೆಯಣ್ಣ ಗಳ ಊರಿ ದೋಣಿ ಅಲುಗದಂತೆ ಹಿಡಿದ. ಆಮೇಲೆ ನೂಲು ಮೆಲ್ಲಗೆ, ಎಷ್ಟು ಮೆಲ್ಲಗೆ ಅಂದರೆ ಬೇಕಾದರೆ ನೋಡು ಬೇಡವಾದರೆ ಬಿಡು ಅನ್ನುವ ಹಾಗೆ, ದೋಣಿಯ ಹಿಂಭಾಗಕ್ಕೆ ಬಾಗಿತು.

"ಸಮುದ್ರದ ಕಡೆ!" ಎಂದು ಅವಳು ಕಿರುಚಿದಳು. "ಅವನೇ ಮೇಲೆ! ಹಿಂದೆ ತಳ್ಳೋ!"

ಹೊಳೆಯಣ್ಣ ಗಳವನ್ನು ದೋಣಿಯ ಮುಂದುಗಡೆ ಊರಿ ಎದೆ ಕೊಟ್ಟು ನೂಕಿದ. ಹೆಂಗಸರು ಗೂಟಗಳಿಗೆ ಕೈ ಹಾಕಿ ತಳ್ಳಿದರು. ಗೂಟಗಳಿಗೆ ಅಂಟಿದ್ದ ಕಡಲಚಿಪ್ಪು ಕೊಯ್ದು ಅಂಗೈಗಳಲ್ಲಿ ರಕ್ತ ಬಂತು. ಇಷ್ಟು ಹೊತ್ತು ಸತ್ತ ಎಮ್ಮೆಯ ಹಾಗಿದ್ದ ದೋಣಿ, ಹಿಂದಕ್ಕೆ ಹೊರಟ ಕೂಡಲೇ ಹಗುರಾಯಿತು. ನೀರು ತನ್ನ ಕಡೆಯ ಮಾತನ್ನು ಬೆಳಿಗ್ಗೆಯಿಂದ ಹೇಳುತ್ತಲೇ ಇತ್ತು.

ಎದುರಿಗೆ ಮಂಜು ಕಪ್ಪಾಯಿತು. ಆ ಕಪ್ಪಿಗೆ ತುಕ್ಕು ಹಿಡಿದ ಮೂತಿ ಬಂತು. ದೋಣಿಯ ಹಿಂಬದಿ ಕೊನೆಯ ಗೂಟ ದಾಟಿತು. ಹೊಳೆಯಣ್ಣ ಗಳವನ್ನು ಅಡ್ಡಕ್ಕೆ ಊರಿ ಮೈಯೆಲ್ಲ ಅದರ ಮೇಲೆ ಹೇರಿದ. ದೋಣಿ ಪಕ್ಕಕ್ಕೆ ಹೊರಳಿತು. ಲಾಂಚಿನ ಕಬ್ಬಿಣ ಅವನ ಮೂಗಿನ ಮುಂದೆಯೇ ಗೋಡೆಯ ಹಾಗೆ ಸರಿದುಹೋಯಿತು. ಗಳ ಅದಕ್ಕೆ ಸಿಕ್ಕಿ ಕಡ್ಡಿಯ ಹಾಗೆ ಮುರಿಯಿತು. ಅಲೆ ಎದ್ದು ದೋಣಿಯೊಳಗೆ ಮೊಣಕಾಲುದ್ದ ನೀರು ನುಗ್ಗಿತು. ಒಬ್ಬಳು ಕಿಟಾರನೆ ಕಿರುಚಿದಳು. ಹೆಂಡತಿಯ ಊಟದ ಡಬ್ಬಿ ತೇಲಿಕೊಂಡು ಹೊರಟುಹೋಯಿತು.

"ತಲೆ ಸರಿ ಇದೆಯೇನೋ!" ಎಂದು ಲಾಂಚಿನವನು ಮಂಜಿನೊಳಗಿಂದ ಬೈದ. ಬೈಗುಳ ದೂರ ದೂರ ಹೋಯಿತು.

ಹೊಳೆಯಣ್ಣ ಎಣಿಸಿದ. ಹತ್ತು. ಮತ್ತೆ ಎಣಿಸಿದ. ಕಣಕಾಲು ಹಿಡಿದಿದ್ದ ಕೈ ಇನ್ನೂ ಹಿಡಿದೇ ಇತ್ತು. ಅವಳನ್ನೇ ಬಿಟ್ಟು ಎಣಿಸಿದ್ದ. ಹನ್ನೊಂದು.

ಹೆಂಗಸರು ಉಳಿದ ಡಬ್ಬಿಗಳ ಮುಚ್ಚಳದಲ್ಲಿ, ಬೊಗಸೆಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದರು. ಕನ್ನಡಕದಕ್ಕ ನೂಲನ್ನು ಉಂಡೆಗೆ ಸುತ್ತುತ್ತ ಕೂತಿದ್ದಳು. ಒದ್ದೆ ನೂಲು ಬೆರಳಿನಿಂದ ಮತ್ತೆ ಮತ್ತೆ ಜಾರುತ್ತಿತ್ತು.

"ಅಕ್ಕಾ" ಅಂದ ಹೊಳೆಯಣ್ಣ. "ದಿನಾ ಕೇಳ್ತಿದ್ದೆಯಲ್ಲ. ಅದು ನನ್ನ ಗೇಲಿ ಮಾಡೋಕೆ ಅಲ್ವಾ?"

ಅವಳು ಕನ್ನಡಕ ತೆಗೆದು ಅವನನ್ನು ಪಿಳಿಪಿಳಿ ನೋಡಿದಳು. "ಗೇಲಿನಾ? ಅಯ್ಯೋ ನಿನ್ನ! ದೋಣಿಗೆ ಕಾಲಿಡೋ ಮೊದ್ಲು ಕೇಳಬೇಕಲ್ಲಪ್ಪಾ. ನಮ್ಮಮ್ಮ ಕೇಳ್ತಿದ್ದಳು, ನಾನು ಕೇಳ್ತೀನಿ. ಗೊತ್ತಿದ್ದರೂ ಕೇಳ್ತೀವಿ. ದೋಣಿಯವನ ಬಾಯಿಂದ ಒಂದು ಸಲ ಹೊರಗೆ ಬರಲಿ ಅಂತ. ನೀನು ನಮ್ಮಪ್ಪನ ಮನೆಗೆ ಹೋದೆ."

ಹೆಂಡತಿ ಒದ್ದೆ ಸೆರಗು ಹಿಂಡಿದಳು. "ಗೊತ್ತಿಲ್ಲ ಅನ್ನೋ ಒಂದು ಮಾತಿಗೆ ಇವರಿಗೆ ಮೂವತ್ತು ವರ್ಷ ಹಿಡೀತು" ಅಂದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು.

ಮರುದಿನವೂ ಮಂಜು. ಹೊಳೆಯಣ್ಣ ಹೊಸ ಗಳ ಹಿಡಿದು ಕಟ್ಟೆಗೆ ಬಂದ. ಬರುವಾಗ ದಾರಿಯಲ್ಲಿ ಎರಡು ಸಲ ನಿಂತಿದ್ದ. ಕಾಲು ಮನೆಯ ಕಡೆ ತಿರುಗುತ್ತಿತ್ತು. ಸೀದಾ ಮೇಸ್ತ್ರಿಯ ಮುಂದೆ ಹೋಗಿ ನಿಂತ.

"ಇವತ್ತು ಮೇಲೆ ಯಾವ ಕಡೆ?"

"ಸಮುದ್ರದ ಕಡೆ" ಅಂದ ಮೇಸ್ತ್ರಿ, ಬೀಡಿಯ ಬೂದಿ ಕೊಡವುತ್ತ, ನೆಂಟರನ್ನು ಮಾತಾಡಿಸಿದಷ್ಟು ಸಲೀಸಾಗಿ. "ಎಂಟೂವರೆವರೆಗೆ. ಆಮೇಲೆ ತಿರುಗುತ್ತೆ."

ಕನ್ನಡಕದಕ್ಕ ಹತ್ತುವಾಗ ಕೇಳಿದಳು, ಇವನು ಹೇಳಿದ. ಹನ್ನೊಂದೂ ಜನ ಕೇಳಿದರು, ಹನ್ನೊಂದು ಸಲವೂ ಹೇಳಿದ. ಕಂಡಿಯ ಬಾಯಿಯಲ್ಲಿ ಮೊದಲ ಗೂಟವನ್ನು ಎರಡೂ ಕೈಯಿಂದ ತಬ್ಬಿ ದೋಣಿ ನಿಲ್ಲಿಸಿದ. ಒಳಗಿನಿಂದ ಯಾವ ಸದ್ದೂ ಇಲ್ಲ. ಆದರೂ ಹಿಡಿತ ಸಡಿಲಿಸಲಿಲ್ಲ.

"ಈಗ ನೋಡೇ" ಅಂದ ಹೆಂಡತಿಗೆ.

ಎಂದೂ ನೀರು ಮುಟ್ಟದವಳು ಒಂದು ಕೈಯಲ್ಲಿ ಅವನ ಕಣಕಾಲು ಹಿಡಿದು, ಇನ್ನೊಂದು ಕೈಯನ್ನು ಅಂಚಿನಾಚೆ ಇಳಿಬಿಟ್ಟಳು. ಬೆರಳು ಅಗಲಿಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇದ್ದಳು.

"ಇನ್ನೂ ಸಮುದ್ರದ ಕಡೆ" ಅಂದಳು.

ದೂರದಲ್ಲಿ ಹಾರ್ನ್ ಕೂಗಿತು. ಹೊಳೆಯಣ್ಣ ಗೂಟವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡು, ಕೆನ್ನೆಯನ್ನು ಒದ್ದೆ ಮರಕ್ಕೆ ಒತ್ತಿ, ಕಾದ.