ಲಿಂಗಮ್ಮನ ದಿನದ ಊಟ

ಬೆಳಗ್ಗೆಯೇ ಕಟ್ಟಿಟ್ಟ ಮುದ್ದೆ ಆರುತ್ತಿತ್ತು. ಚೆಲುವರಾಜು ಇನ್ನೂ ಎಲೆಗೆ ಕೈ ಹಚ್ಚಿರಲಿಲ್ಲ. ಒಲೆಯ ಮೇಲೆ ಬಸ್ಸಾರು, ಪಕ್ಕದಲ್ಲಿ ಹುರುಳಿಕಾಳಿನ ಪಲ್ಯ. ಗೋಡೆಗೆ ಒರಗಿಸಿದ್ದ ಲಿಂಗಮ್ಮನ ಫೋಟೋದ ಮುಂದೆ, ಇಂಡಿಯನ್ ಗ್ರೋಸರಿಯಿಂದ ತಂದ ಫ್ರೋಜನ್ ಬಾಳೆಲೆಯ ಮೇಲೆ, ಎಡೆ. ಹೆಂಡತಿ ತೀರಿಕೊಂಡು ಅವತ್ತಿಗೆ ಎರಡು ವರ್ಷ. ಅಮೆರಿಕದ ನೆವಾರ್ಕಿನ ಆ ಅಪಾರ್ಟ್‌ಮೆಂಟಿನಲ್ಲಿ, ಆಫೀಸಿಗೆ ರಜೆ ಹಾಕಿ, ಫೋನನ್ನು ಮುಂದಿಟ್ಟುಕೊಂಡು ಅವನು ಒಂದೇ ಒಂದು ಸುದ್ದಿಗಾಗಿ ಕಾಯುತ್ತಿದ್ದ. ಉಗಾಂಡದ ಒಂದು ಶಾಲೆಯಲ್ಲಿ ಮಕ್ಕಳು ಉಂಡರು ಎಂಬ ಸುದ್ದಿ.

ಎಲ್ಲಿಯ ನೆವಾರ್ಕು, ಎಲ್ಲಿಯ ಉಗಾಂಡ ಎನ್ನಬೇಡಿ. ಅವನ ಮಂಡ್ಯದ ಮನೆಯಲ್ಲಿ ಒಂದು ಪದ್ಧತಿಯಿತ್ತು. ವರ್ಷದ ಎಡೆಯ ದಿನ ಮನೆಯವರು ಮೊದಲು ಉಣ್ಣುವಂತಿಲ್ಲ. ಸತ್ತವರ ಹೆಸರಿನಲ್ಲಿ ನಾಲ್ಕು ಜನ ಹೊಟ್ಟೆ ತುಂಬ ಉಂಡು ಕೈ ತೊಳೆಯಬೇಕು, ಆಮೇಲೆ ಮನೆಯವರ ಸರದಿ. ಊರಿನಲ್ಲಾದರೆ ನಾಲ್ಕು ಜನಕ್ಕೇನು ಬರ? ಕರೆಯದಿದ್ದರೂ ನಲವತ್ತು ಜನ ಬರುತ್ತಾರೆ. ಉಪ್ಪು ಕಮ್ಮಿಯಾಯಿತು ಎಂದು ಬೈಯುತ್ತಲೇ ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತಾರೆ. ಇಲ್ಲಿ ಅವತ್ತು ಬುಧವಾರ. ಸಾಯುವವರೂ ಕ್ಯಾಲೆಂಡರ್ ನೋಡಿಕೊಂಡು ವೀಕೆಂಡಿನಲ್ಲೇ ಸಾಯಬೇಕಾದ ಊರು ಇದು. ಹತ್ತಿರದ ಡಬ್ಲಿನ್ ಊರಿನಲ್ಲಿದ್ದ ಹಳೆಯ ಸ್ನೇಹಿತ ಜಯರಾಮ್ ಫೋನಿನಲ್ಲಿ, "ಸಂಡೇ ಇಟ್ಕೊಳೋ ರಾಜು, ಫ್ಯಾಮಿಲಿ ಸಮೇತ ಬರ್ತೀವಿ. ವೀಕ್‌ಡೇ ಫ್ರೀವೇ ಟ್ರಾಫಿಕ್ಕು ನಿಂಗೇ ಗೊತ್ತಲ್ಲ" ಎಂದಿದ್ದ. ಅವ್ಳು ಸಂಡೇ ಸತ್ತಿಲ್ವಲ್ಲೋ ಎಂದು ಬಾಯಿಗೆ ಬಂದದ್ದನ್ನು ಚೆಲುವರಾಜು ನುಂಗಿಕೊಂಡ.

ಅವರಿಗೆ ಮಕ್ಕಳಿರಲಿಲ್ಲ. ಹಾಗೆಂದು ಮನೆಯಲ್ಲಿ ಮಕ್ಕಳಿಗೆ ಕೊರತೆಯಿರಲಿಲ್ಲ. ಲಿಂಗಮ್ಮ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದಳು. ಕಂಡವರ ಮಕ್ಕಳು ಇದೇ ಹಾಲ್‌ನಲ್ಲಿ ಸಾಲಾಗಿ ಕೂತು, ಬೇಡ ಬೇಡವೆಂದು ರಂಪ ಮಾಡಿ, ಕೊನೆಗೆ ಅವಳ ಕೈತುತ್ತನ್ನೇ ತಿನ್ನುತ್ತಿದ್ದವು. ಅವು ಮಲಗಿದ ಮೇಲೆ ಅವಳು ಗಂಡನಿಗೆ ಮೆಸೇಜು ಕಳಿಸುವಳು: "ಊಟ ಆಯ್ತಾ?" ಅವನು "ಆಯ್ತು" ಎನ್ನುವ ತನಕ ತಾನು ತಟ್ಟೆ ಮುಟ್ಟುವವಳಲ್ಲ. ಮೀಟಿಂಗಿನಲ್ಲಿ ಸಿಕ್ಕಿಕೊಂಡು ಏನೂ ತಿನ್ನದ ದಿನವೂ, ಪಾಪ ಅವಳಾದರೂ ಉಣ್ಣಲಿ ಎಂದು, ಅವನು ಮೇಜಿನ ಕೆಳಗೆ ಫೋನು ಹಿಡಿದು "ಆಯ್ತು" ಎಂದು ಒತ್ತಿಬಿಡುತ್ತಿದ್ದ. ಈ ಎರಡು ವರ್ಷದಲ್ಲಿ ಆ ಮಾತನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹೇಗಿದ್ದೀರಿ ಎಂದು ಕೇಳುವವರು ಬೇಕಾದಷ್ಟಿದ್ದರು. ಆ ಪ್ರಶ್ನೆಗೆ ಯಾರಿಗೂ ಉತ್ತರ ಬೇಕಿರಲಿಲ್ಲ.

ಹೋದ ತಿಂಗಳು ಕನ್ನಡ ಸಂಘದ ಹಬ್ಬದೂಟದ ದಿನ ಸಭಾಂಗಣದ ಮೂಲೆಯಲ್ಲಿ ಮಾಧುರಿ ಎಂಬ ಹುಡುಗಿ ಒಂದು ಟೇಬಲ್ ಹಾಕಿಕೊಂಡು ಕೂತಿದ್ದಳು. ಬೆಂಗಳೂರಿನಿಂದ ಓದಲು ಬಂದವಳು, ಈಗ ಉಗಾಂಡದ ಬಡ ಶಾಲೆಗಳಿಗೆ ಮಧ್ಯಾಹ್ನದ ಊಟ ಕೊಡಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದಳು. ಟೇಬಲ್ ಮೇಲಿನ ಫೋಟೋದಲ್ಲಿ ದೊಡ್ಡ ಹಂಡೆ, ಹಂಡೆಯ ತುಂಬ ಕಂದು ಬಣ್ಣದ ಗಂಜಿ.

"ಇದೇನಮ್ಮ, ಅಂಬಲಿ ಇದ್ದಂಗದೆ?" ಎಂದ ಚೆಲುವರಾಜು.

"ರಾಗೀನೇ ಅಂಕಲ್. ಆ ಕಡೆ ರಾಗಿ ಬೆಳೀತಾರೆ."

ಅಷ್ಟು ಸಾಕಾಯಿತು. ರಾಗಿ ಉಣ್ಣುವ ಮಕ್ಕಳು ಲಿಂಗಮ್ಮನ ಹೆಸರಿನಲ್ಲಿ ಉಂಡರೆ ಅದಕ್ಕಿಂತ ಇನ್ನೇನು ಬೇಕು? ಅವತ್ತೇ ವೆಬ್‌ಸೈಟಿನಲ್ಲಿ ದುಡ್ಡು ಕಟ್ಟಿ, ಹೆಂಡತಿಯ ಹೆಸರು ಹಾಕಿ, ತಾರೀಖು ಆರಿಸಿದ. ದೇವಸ್ಥಾನದಲ್ಲಿ ಅನ್ನದಾನದ ಸೇವೆ ಬರೆಸಿದರೆ ಆ ದಿನದ ಊಟ ನಮ್ಮದೇ ಅಲ್ಲವೇ, ಇದೂ ಹಾಗೇ ಎಂದುಕೊಂಡ.

ಅಲ್ಲಿಯ ಮಧ್ಯಾಹ್ನ ಇಲ್ಲಿ ಬೆಳಕು ಹರಿಯುವ ಮೊದಲೇ ಮುಗಿದುಹೋಗಿರುತ್ತದೆ. ಆದರೂ ಫೋನು ಸುಮ್ಮನಿತ್ತು. ಹಸಿವಿಗಿಂತ ದಿಗಿಲು ಹೆಚ್ಚಾಗಿ ಅವನೇ ಮಾಧುರಿಗೆ ಫೋನು ಮಾಡಿದ.

"ಮಕ್ಳು ಉಂಡ್ರಾ ಅಮ್ಮ?"

"ಅಂಕಲ್, ಆ ಡೇಟು ಥ್ಯಾಂಕ್ಯೂ ಕಾರ್ಡಿಗೋಸ್ಕರ. ದುಡ್ಡು ಇಡೀ ಟರ್ಮಿನ ಊಟಕ್ಕೆ ಸೇರ್ಕೊಳ್ಳುತ್ತೆ. ಡೋನರ್ಸ್‌ಗೆ ಟರ್ಮ್ ಮುಗಿದ್ಮೇಲೆ ರಿಪೋರ್ಟು ಕಳಿಸ್ತೀವಿ."

"ನಂಗೆ ರಿಪೋರ್ಟು ಬ್ಯಾಡ ಕಣಮ್ಮ. ಇವತ್ತು ಉಂಡ್ರಾ ಇಲ್ವಾ, ಅಷ್ಟು ಹೇಳು. ಅವ್ರು ಉಣ್ಣೋಗಂಟ ನಾನು ಉಣ್ಣಂಗಿಲ್ಲ."

"ನೀವು ಬೆಳಗ್ಗಿಂದ ಏನೂ ತಿಂದಿಲ್ವಾ?"

"ನೀರು ಕುಡ್ದಿವ್ನಿ."

"ಇರಿ ಅಂಕಲ್. ಅಲ್ಲಿ ಅಡುಗೆ ಮಾಡೋರ ನಂಬರಿದೆ. ಕೇಳಿ ಹೇಳ್ತೀನಿ."

ಚೆಲುವರಾಜು ಕಿಟಕಿಯ ಬಳಿ ಹೋಗಿ ನಿಂತ. ಪಾರ್ಕಿಂಗ್ ಲಾಟು ಖಾಲಿ. ಎಲ್ಲರೂ ಅವರವರ ಕೆಲಸಕ್ಕೆ ಹೋಗಿದ್ದರು. ಇಷ್ಟೊತ್ತಿಗೆ ಈ ಮನೆಯಲ್ಲಿ ಎಂಥ ಗಲಾಟೆ ಇರುತ್ತಿತ್ತು, ಒಂದು ಅತ್ತರೆ ಎಲ್ಲವೂ ಶುರು. ರಜೆಯ ದಿನ ಆ ಗದ್ದಲಕ್ಕೆ ತಾನೇ ರೇಗುತ್ತಿದ್ದದ್ದು ನೆನಪಾಯಿತು. ಈಗ ಫ್ರಿಜ್ಜಿನ ಗುಂಯ್ ಎನ್ನುವ ಸದ್ದೊಂದೇ ಉಳಿದಿತ್ತು.

ಫೋನು ಬಂತು. ಮಾಧುರಿಯ ದನಿ ಇಳಿದಿತ್ತು. "ಅಂಕಲ್, ಇವತ್ತು ಅಲ್ಲಿ ರಜೆಯಂತೆ. ಶಾಲೇನೇ ಇರ್ಲಿಲ್ಲ."

"ಶಾಲೆ ಇಲ್ದಿದ್ರೆ ಊಟ?"

"ಶಾಲೇಲಿ ಇಲ್ಲ. ಮನೇಲಿ ಏನಿರುತ್ತೋ ಅದು. ಕೆಲವ್ರ ಮನೇಲಿ ಮಧ್ಯಾಹ್ನ ಒಲೆ ಹಚ್ಚಲ್ಲ."

ಚೆಲುವರಾಜು ಕುರ್ಚಿಯಲ್ಲಿ ಕೂತ. ಆ ಮಕ್ಕಳೂ ಹಸಿದಿದ್ದವು, ತಾನೂ ಹಸಿದಿದ್ದ. ಬದುಕೆಲ್ಲ ಇನ್ನೊಬ್ಬರ ಬಾಯಿಗೆ ತುತ್ತಿಟ್ಟವಳು ಲಿಂಗಮ್ಮ. ಅವಳ ದಿನ, ಅವಳ ಹೆಸರು ಹೇಳಿಕೊಂಡು, ಈ ಭೂಮಿಯ ಮೇಲೆ ಒಬ್ಬರೂ ಉಣ್ಣಲಿಲ್ಲ. ಫೋಟೋದ ಕಡೆ ನೋಡಲು ಅವನಿಗೆ ಮುಖವಿರಲಿಲ್ಲ.

"ಅಂಕಲ್, ಇದ್ದೀರಾ? ಅಡುಗೆಯವ್ರ ಹೆಸರು ಅಕೆಲ್ಲೊ ಅಂತ. ನಾಳೆ ಆಂಟಿ ಹೆಸರು ಹೇಳಿ ಮಕ್ಕಳಿಗೆ ಬಡಿಸ್ತೀನಿ ಅಂದ್ರು. ಲಿಂಗಮ್ಮ, ಲಿಂಗಮ್ಮ ಅಂತ ನನ್ನತ್ರ ಹೇಳಿಸ್ಕೊಂಡು ಕಲಿತ್ರು."

"ಒಳ್ಳೇದಾಯ್ತಮ್ಮ" ಎಂದ. ನಾಳೆ ಒಳ್ಳೆಯದೇ. ಆದರೆ ಅವಳ ದಿನ ಇವತ್ತಾಗಿತ್ತು.

"ನಿಮ್ಮ ಬಗ್ಗೆ ಇನ್ನೊಂದು ಮಾತು ಕೇಳಿದ್ರು. ಇನ್ನೊಂದು ಲೈನಲ್ಲಿ ಕಾಯ್ತಾ ಇದ್ದಾರೆ, ಫೋನು ಇಡೋಕೇ ಒಪ್ಪಲಿಲ್ಲ."

"ಏನಂತೆ?"

"ಅವ್ರದ್ದು ಊಟ ಆಯ್ತಾ ಅಂತ."

ಮುಖ ಕಂಡಿಲ್ಲ, ಭಾಷೆ ಗೊತ್ತಿಲ್ಲ. ಎಲ್ಲೋ ಕತ್ತಲಾದ ಊರಿನಲ್ಲಿ ಒಬ್ಬ ಹೆಂಗಸು ಫೋನು ಹಿಡಿದು ಅವನ ಉತ್ತರಕ್ಕೆ ಕಾದು ಕೂತಿದ್ದಳು. ಇನ್ನೂ ಇಲ್ಲ ಎಂದರೆ ಅವಳೂ ತಟ್ಟೆ ಮುಟ್ಟುವುದಿಲ್ಲವೇನೋ.

"ಆಯ್ತು" ಎಂದ. "ಆಯ್ತು ಅಂತ ಹೇಳಮ್ಮ."

ಫೋನಿಟ್ಟು ಕೈ ತೊಳೆದು ಬಂದ. ಹೇಳಿದ್ದು ಸುಳ್ಳಾಗಬಾರದೆಂದು ಎಡೆಯ ಎಲೆಯನ್ನೇ ತನ್ನ ಮುಂದಕ್ಕೆ ಎಳೆದುಕೊಂಡ. ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು. ಮುರಿದು, ಸಾರಿನಲ್ಲಿ ಹೊರಳಿಸಿ, ಮೊದಲ ತುತ್ತು ನುಂಗಿದ. ಉಪ್ಪು ಕಮ್ಮಿಯಾಗಿತ್ತು. ಬೈಯಲು ಯಾರೂ ಇರಲಿಲ್ಲ.