ಗಿಟಾರಿನ ದನಿ ಕಮ್ಮಿಯಾದದ್ದು

ಗಿಟಾರನ್ನು ಹೊರಸಿನ ಮೇಲೆ ಅಂಗಾತ ಮಲಗಿಸಿ, ತಂತಿಗಳ ಅಡಿಯ ಕಟ್ಟಿಗೆಯ ಮೇಲೆ ಪೆನ್ಸಿಲಿನಿಂದ ಒಂದು ಚೌಕ ಬರೆದು ಮುಗಿಸಿದ ಹಾಜಿಮಲಂಗ್, ಸಣ್ಣ ಗರಗಸವನ್ನು ಕೈಗೆತ್ತಿಕೊಂಡು ಎಣ್ಣೆ ಒರೆಸತೊಡಗಿದ. ಇನ್ನು ತಂತಿ ಬಿಚ್ಚುವುದು, ಚೌಕದ ಗುಂಟ ಕೊಯ್ಯುವುದು, ಆ ಕಿಂಡಿಯಲ್ಲಿ ದೊಡ್ಡ ಅಯಸ್ಕಾಂತ ಕೂರಿಸುವುದು, ಅಷ್ಟೇ ಕೆಲಸ. ಅಯಸ್ಕಾಂತ ತಂದಿದ್ದ ಟೆಲಿಫೋನ್ ಲೈನ್‌ಮನ್ ಗುರುಲಿಂಗಪ್ಪ ಮಾತ್ರ ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಕೊಡಲು ಮನಸ್ಸಿಲ್ಲದೆ ಬಾಗಿಲ ಬಳಿ ಕೂತಿದ್ದ.

"ಮಲಂಗಭಾಯಿ, ಈ ಕಟ್ಟಿಗಿ ಒಮ್ಮಿ ಕೊಯ್ದ್ರ ಮುಗೀತು. ಮತ್ತ ಕೂಡಸ್ಲಿಕ್ಕ ಬರಂಗಿಲ್ಲ," ಎಂದ. ಎರಡನೆಯ ಸಲ ಕೂಗಿ ಹೇಳಬೇಕಾಯಿತು.

"ಕೊಯ್ಲಿಲ್ಲಂದ್ರ ಇದು ಸಾಯ್ತದ, ಗುರುಲಿಂಗಪ್ಪ. ದಿನಾ ದಿನಾ ದನಿ ಕಮ್ಮಿ ಆಗ್ಲಿಕತ್ತದ."

ಕಮ್ಮಿಯಾಗುತ್ತಿದ್ದುದು ಗಿಟಾರಿನ ದನಿಯಲ್ಲ, ಅವನ ಕಿವಿ. ಇದು ಗುರುಲಿಂಗಪ್ಪನಿಗೆ ಗೊತ್ತಿತ್ತು, ಒಲೆಯ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದ ಹೆಂಡತಿ ಜಾನಬಿಗೆ ಗೊತ್ತಿತ್ತು, ಗೋಡೆಯ ಆಚೆಗಿನ, ರೈಲು ಹಳಿ ಬದಲಿಸುವ ಪಾಯಿಂಟ್ಸ್‌ಮನ್ ನರಸಪ್ಪನಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ವಾಡಿಯ ಲೋಕೋ ಶೆಡ್ಡಿನಲ್ಲಿ ಹದಿನೆಂಟು ವರ್ಷ ಬಾಯ್ಲರಿನ ಹೊಟ್ಟೆಯೊಳಗೆ ಕೂತು, ಹೊರಗಿನಿಂದ ಬಡಿಯುವ ರಿವೆಟ್ಟಿಗೆ ಒಳಗಿನಿಂದ ಆಸರೆ ಹಿಡಿದವನ ಕಿವಿ ಇನ್ನೇನಾಗಬೇಕು? ಶೆಡ್ಡಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಅವನಿಗೆ ಅದು ತಿಳಿಯಲೇ ಇಲ್ಲ.

ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಾ ನುಡಿಸುವ ಹವಾಯಿ ಗಿಟಾರು ಅದು. ಹೈದರಾಬಾದಿನ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಒಬ್ಬ ಎಂಜಿನ್ ಡ್ರೈವರ್ ಸಾಹೇಬ ಊರು ಬಿಟ್ಟು ವಿಲಾಯತಿಗೆ ಹೊರಟಾಗ ಇವನ ಕೈಗಿಟ್ಟು ಹೋಗಿದ್ದ. ಕ್ವಾರ್ಟರ್ಸಿಗೆ ಕರೆಂಟು ಬಂದ ಮೇಲೆ ಗುರುಲಿಂಗಪ್ಪ ಹಳೆಯ ಟೆಲಿಫೋನಿನ ಕಿವಿಯೊಳಗಿನ ಸುರುಳಿ ಮತ್ತು ಅಯಸ್ಕಾಂತವನ್ನು ಕಿತ್ತು ತಂತಿಗಳ ಕೆಳಗೆ ಕೂರಿಸಿ, ವೈರನ್ನು ರೇಡಿಯೋಕ್ಕೆ ಜೋಡಿಸಿಕೊಟ್ಟ. ರೇಡಿಯೋದೊಳಗಿಂದ ತನ್ನದೇ ಗಿಟಾರು ಹಾಡಿದ ದಿನ ಹಾಜಿಮಲಂಗ್ ಊಟ ಮಾಡಿರಲಿಲ್ಲ. ಅವತ್ತಿನಿಂದ ಅದರ ಮೈಮೇಲೆ ಅವನು ಕೈಯಾಡಿಸದ ವಾರವಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಮೂಳೆಯ ಕುದುರೆ ತೆಗೆದು ಶಹಾಬಾದಿ ಕಲ್ಲಿನದನ್ನು ತೇಯ್ದು ಇಟ್ಟ. ಕೈಯಲ್ಲಿ ಹಿಡಿಯುವ ಉಕ್ಕಿನ ತುಂಡನ್ನು ಎಂಜಿನ್ನಿನ ಒಂದು ಪಿನ್ನಿನಿಂದ ತಾನೇ ಕಡೆದುಕೊಂಡ.

ಇಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲದಂತೆ ಮಾಡಿದ್ದು ನರಸಪ್ಪನ ಮರ್ಯಾದೆ. ರಾತ್ರಿ ಪಾಳಿಯ ನರಸಪ್ಪ ಸಂಜೆ ಏಳರವರೆಗೆ ಮಲಗುವವನು. ಹಾಜಿಮಲಂಗ್ ಬಾರಿಸುವುದು ಐದಕ್ಕೆ. ಒಂದು ದಿನ ಹಾಜಿಮಲಂಗನೇ ಹೋಗಿ, ನಿದ್ದೆಗೆ ತ್ರಾಸಾಗುತ್ತದೆಯೇ ಎಂದು ಕೇಳಿದ. "ಛೇ, ಏನ್ ತ್ರಾಸು ಭಾಯಿ, ನಮಗ ಕೇಳಸೋದೇ ಇಲ್ಲ," ಎಂದುಬಿಟ್ಟ ನರಸಪ್ಪ. ಮಂದಿ ಆಡುವ ಮಾತು ಇದು. ಆದರೆ ಹಾಜಿಮಲಂಗ್ ನೆಟ್ಟಗೆ ಮನೆಗೆ ಬಂದು, "ಜಾನಬಿ, ನಂಗ ಅನುಮಾನ ಇತ್ತು. ಗಿಟಾರಿನ ಶಕ್ತಿ ಹೋಗ್ಲಿಕತ್ತದ," ಎಂದ. ದಪ್ಪ ತಂತಿ ಬಂದವು. ಎರಡನೆಯ ಅಯಸ್ಕಾಂತ ಬಂತು. ಆಮೇಲೆ ಸೇಡಮ್ಮಿನ ಟೂರಿಂಗ್ ಟಾಕೀಸಿನವರು ಬಿಸಾಡಿದ, ತಟ್ಟೆಯಷ್ಟು ಅಗಲದ ಲೌಡ್‌ಸ್ಪೀಕರ್ ಬಂತು. ಅದನ್ನು ರೇಡಿಯೋಕ್ಕೆ ಜೋಡಿಸಿ, ಸೀಮೆಎಣ್ಣೆ ಡಬ್ಬದ ಮೇಲೆ ಬಾಯಿ ಮೇಲಾಗಿ ಮಲಗಿಸಿದ್ದ.

ಯಾರೂ ಬಾಯಿ ಬಿಡಲಿಲ್ಲ. ಎಂಟು ತಾಸು ಕಬ್ಬಿಣದೊಳಗೆ ಕೂತು ಬಂದವನು ಮುಖ ತೊಳೆದು, ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡಾಗ ಅರಳುವ ಮುಖವನ್ನು ಜಾನಬಿ ದಿನವೂ ನೋಡುತ್ತಿದ್ದಳು. ದೋಷ ಕಿವಿಯದು ಎಂದರೆ ಅವನು ಅದನ್ನು ಮುಟ್ಟುವುದನ್ನೇ ಬಿಟ್ಟಾನು ಎಂಬ ಹೆದರಿಕೆ ಅವಳಿಗೆ. ಆದರೆ ಈಗ ಗರಗಸ ಕೈಗೆ ಬಂದಿತ್ತು. ಹೇಳದಿದ್ದರೆ ಗಿಟಾರು ಹೋಗುತ್ತದೆ, ಹೇಳಿದರೆ ಬಾರಿಸುವವನು ಹೋಗುತ್ತಾನೆ.

ಜಾನಬಿ ಮೊರ ಹಿಡಿದುಕೊಂಡೇ ಎದ್ದು ಬಂದಳು. ಒಂದು ಹಿಡಿ ಜೋಳವನ್ನು ಲೌಡ್‌ಸ್ಪೀಕರಿನ ಕಾಗದದ ಬಾಯಿಗೆ ಸುರಿದಳು.

"ಏನ್ ಮಾಡ್ಲಿಕತ್ತಿ?"

ಅವಳು ಅವನ ಕಿವಿಯ ಹತ್ತಿರ ಬಾಗಿದಳು. "ಕೊಯ್ಯೋಕಿಂತ ಮೊದಲ ಒಂದ್ಸಲ ಬಾರಸ್ರಿ. ಮೆಲ್ಲಕ. ಕಣ್ಣು ಮಾತ್ರ ಇದರ ಮ್ಯಾಲ ಇಡ್ರಿ."

ಹೆಂಗಸರ ಹುಚ್ಚು ಎಂದುಕೊಂಡು ಅವನು ಗಿಟಾರನ್ನು ತೊಡೆಗೆ ತೆಗೆದುಕೊಂಡ. ಒಂದು ತಂತಿ ಮೀಟಿದ. ಜೋಳದ ಕಾಳು ಗೇಣೆತ್ತರ ಹಾರಿದವು. ಇನ್ನೊಂದು ಮೀಟಿದ. ಡಬ್ಬದ ಹೊರಗೆ ಚೆಲ್ಲಿ ನೆಲದ ತುಂಬ ಉರುಳಿದವು. ಗೂಡಿನಲ್ಲಿದ್ದ ಲೋಟ ಅದುರಿ ಅಂಚಿಗೆ ಸರಿಯಿತು. ಗುರುಲಿಂಗಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದ. ಹಾಜಿಮಲಂಗ್ ಅವನನ್ನು ನೋಡಿದ, ಕಾಳನ್ನು ನೋಡಿದ, ತನಗೆ ದೂರದ ಒಂದು ನೊಣದಷ್ಟೇ ಕೇಳುತ್ತಿದ್ದ ಆ ತಂತಿಯನ್ನು ನೋಡಿದ. ಆಮೇಲೆ ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದ.

"ನನ್ನ ಕಿವಿ ಹಿಂಗಾಗಿ ಎಷ್ಟು ದಿನ ಆತು?"

ಗುರುಲಿಂಗಪ್ಪ ಎರಡು ಬೆರಳು ತೋರಿಸಿದ. "ಎರಡ್ ವರ್ಷ," ಎಂದು ಬಾಯಿ ಅಗಲಿಸಿ ಹೇಳಿದ.

ಅಷ್ಟರಲ್ಲಿ ನಿದ್ದೆಗೆಟ್ಟ ನರಸಪ್ಪ ಬಾಗಿಲಿಗೆ ಬಂದು ನಿಂತ. ಬೈಯಲು ಬಂದವನಲ್ಲ, ಗಿಟಾರಿನ ದೆಸೆಯಿಂದ ಎಂದಿನಂತೆ ಏಳಕ್ಕೆ ಮೊದಲೇ ಎದ್ದು ಸ್ಟೇಷನ್ನಿನ ಕಡೆ ಹೊರಟವನು. ಅವನ ಎರಡೂ ಕಿವಿಯಲ್ಲಿ ಹತ್ತಿಯ ಉಂಡೆಗಳಿದ್ದವು; ತೆಗೆಯಲು ಮರೆತಿದ್ದ.

ಹಾಜಿಮಲಂಗ್ ಎದ್ದು ಹೋಗಿ, ಆ ಹತ್ತಿಯನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಅವನ ಕಣ್ಣು ತುಂಬಿತ್ತು. "ನನ್ನ ಸಲುವಾಗಿ ನೀ ಎರಡ್ ವರ್ಷ ಕಿವುಡ ಆಗಿದ್ದೆಲ್ಲೋ, ನರಸಪ್ಪ."

ನರಸಪ್ಪ ಕಿವಿ ತಿಕ್ಕಿಕೊಂಡ. "ನೀವು ಚೊಲೋನೇ ಬಾರಸ್ತೀರಿ, ಭಾಯಿ," ಎಂದು ಕೂಗಿದ. "ದನಿ ಸ್ವಲ್ಪ ಭಾಳ ಆಗ್ತದ, ಅಷ್ಟ."

ಹಾಜಿಮಲಂಗನಿಗೆ ನಗು ಬಂತು. ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಇಂಥ ಮಂದಿಯ ನಡುವೆ ಬದುಕಿದ್ದೆನಲ್ಲ ಎಂದು ಅವನಿಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು. ಆದರೂ ಗಂಡಸರಿಬ್ಬರೂ ಹೋದ ಮೇಲೆ ಅವನು ಗಿಟಾರನ್ನು ಬಟ್ಟೆಯ ಗಿಲೀಫಿನಲ್ಲಿ ಸುತ್ತಿ ಗೋಡೆಗೆ ನಿಲ್ಲಿಸಿದಾಗ ಜಾನಬಿ, ತಾನು ಹೆದರಿದ್ದೇ ಆಯಿತು ಎಂದುಕೊಂಡಳು.

ಮರುದಿನ ಶೆಡ್ಡಿನಲ್ಲಿ ಒಂದು ಎಂಜಿನ್ನಿನ ಪಂಪು ನಡೆಯುತ್ತಿದೆಯೋ ಇಲ್ಲವೋ ನೋಡಬೇಕಿತ್ತು. ಫಿಟರುಗಳೆಲ್ಲ ಮಾಡುವಂತೆ ಅವನೂ ಸರಳಿನ ಒಂದು ತುದಿಯನ್ನು ಪಂಪಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದ. ಪಂಪಿನ ಬಡಿತ ಹಲ್ಲಿನಿಂದ ತಲೆಗೆ ಏರಿತು. ವರ್ಷಗಟ್ಟಲೆ ಮಾಡಿದ ಕೆಲಸ. ಆದರೆ ಈ ಸಲ ಅವನು ಸರಳನ್ನು ಬಹಳ ಹೊತ್ತು ಬಾಯಿಂದ ತೆಗೆಯಲಿಲ್ಲ.

ಸಂಜೆ ಮನೆಗೆ ಬಂದವನೇ ಗರಗಸ ಹುಡುಕಿದ. ಜಾನಬಿ ಓಡಿ ಬಂದಳು. ಅವನು ಕೊಯ್ಯುತ್ತಿದ್ದುದು ಮುರಿದ ಸುತ್ತಿಗೆಯ ಮರದ ಕಾವನ್ನು. ಅದನ್ನು ಗೇಣುದ್ದಕ್ಕೆ ಕತ್ತರಿಸಿ, ತುದಿ ನಯಮಾಡಿ, ಗಿಟಾರಿನ ಬದಿಯ ಪಟ್ಟಿಗೆ ಎರಡು ಸಣ್ಣ ಸ್ಕ್ರೂ ಹಾಕಿ ಬಿಗಿದ. ಪೆನ್ಸಿಲಿನ ಚೌಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದ. ವೈರನ್ನು ರೇಡಿಯೋದಿಂದ ಕಿತ್ತು ಸುತ್ತಿಟ್ಟ.

ಗಿಟಾರು ತೊಡೆಯ ಮೇಲೆ ಬಂತು. ಬಾಗಿ ಆ ಕಟ್ಟಿಗೆಯನ್ನು ಹಲ್ಲಿನಲ್ಲಿ ಹಿಡಿದು ಮೀಟಿದ. ಕೇಳಿಸಿತೋ, ಬರೀ ಮುಟ್ಟಿತೋ, ಅವನಿಗೇ ಹೇಳಲು ಬರುವಂತಿರಲಿಲ್ಲ. ದವಡೆಯಿಂದ ಹೊರಟು ತಲೆಯೊಳಗೆಲ್ಲ ಹರಡಿಕೊಂಡಿತು. ಉಕ್ಕಿನ ತುಂಡನ್ನು ಜಾರಿಸಿದ, ಅದೂ ಜಾರುತ್ತಾ ಒಳಗೆ ಬಂತು. ಕಣ್ಣು ಮುಚ್ಚಿ ಬಾರಿಸುತ್ತಲೇ ಹೋದ. ಬಾಯಿ ತುಂಬ ಕಟ್ಟಿಗೆ ಇದ್ದುದರಿಂದ ಏನೂ ಹೇಳಲಾಗಲಿಲ್ಲ.

ಲೌಡ್‌ಸ್ಪೀಕರಿನೊಳಗೆ ನಿನ್ನೆಯ ನಾಲ್ಕಾರು ಕಾಳು ಉಳಿದಿದ್ದವು, ಅಲುಗಲಿಲ್ಲ. ಜಾನಬಿ ಅವನ್ನು ಆರಿಸಿಕೊಳ್ಳಲೆಂದು ಬಾಗಿದವಳು ಹಾಗೇ ನಿಂತಳು. ಗೋಡೆಯಾಚೆ, ಎರಡು ವರ್ಷ ಸಂಜೆಯ ಹೊತ್ತು ತೆರೆಯದಿದ್ದ ನರಸಪ್ಪನ ಕಿಟಕಿಯ ಅಗುಳಿ ಸರಿಯಿತು. ಕಿಟಕಿಯ ಒಂದು ಕದ ತೆರೆಯಿತು, ಸ್ವಲ್ಪ ತಡೆದು ಇನ್ನೊಂದು.